ಅಮ್ಮ ಕೇಳಿದ ಹದಿನೆಂಟು ತಿಂಗಳು

ಶುಕ್ರವಾರ ಬೆಳಿಗ್ಗೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ತಿರುಗಿಸುವುದು ನನ್ನ ಕೆಲಸವಾಗಿತ್ತು. ಅಪ್ಪ ಮಸ್ಕತ್ತಿನ ಘಾಲಾದಲ್ಲಿದ್ದ ತಮ್ಮ ಆಫೀಸಿನಿಂದ ತಂದಿದ್ದ ಹಳೆಯ ಕುರ್ಚಿ ಅದು. ಸೀಟಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ತಾಗಿಸಿ ಕೂರುತ್ತಿದ್ದಳು. ನಾನು ಕುರ್ಚಿಯ ಬೆನ್ನು ಹಿಡಿದು ತಿರುಗಿಸುತ್ತಿದ್ದೆ. ನಾಲ್ಕು ವರ್ಷದ ತಮ್ಮ ಕಿಟ್ಟು ಸೋಫಾದ ಮೇಲೆ ನಿಂತು ಸುತ್ತು ಎಣಿಸುತ್ತಿದ್ದ. ಹನ್ನೆರಡಾದ ಮೇಲೆ ಅವನ ಲೆಕ್ಕ ತಪ್ಪುತ್ತಿದ್ದುದರಿಂದ ಅಮ್ಮ ಮನಸ್ಸಿನಲ್ಲೇ ಬೇರೆಯಾಗಿ ಎಣಿಸಿಕೊಳ್ಳುತ್ತಿದ್ದಳು. ನಿಲ್ಲಿಸು ಅಂದ ತಕ್ಷಣ ನಾನು ನಿಲ್ಲಿಸಬೇಕು. ಅವಳು ಕಣ್ಣು ಬಿಟ್ಟು ಎದ್ದು, ನೆಲದ ಟೈಲ್ಸ್ ನಡುವಿನ ಗೆರೆಯ ಮೇಲೆ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಡುತ್ತ ಅಡುಗೆಮನೆಯವರೆಗೆ ನಡೆದು ಕಾಫಿಗೆ ನೀರಿಡಬೇಕು. ಕಾಲು ಗೆರೆ ಬಿಟ್ಟರೆ ಮರಳಿ ಬಂದು ಕೂರುತ್ತಿದ್ದಳು.

"ಇನ್ನೊಂದ್ಸಲ ಪುಟ್ಟಿ. ಈ ಸಲ ಆ ಕಡೆಯಿಂದ."

ಆಗ ನನಗೆ ಹತ್ತು ವರ್ಷ. ಎಲ್ಲರ ಮನೆಯಲ್ಲೂ ಅಮ್ಮಂದಿರನ್ನು ಹೀಗೆ ತಿರುಗಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೇ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾವಿದ್ದದ್ದು ಅದೇ ಊರಿನ ವಾದಿ ಅದಾಯ್‌ನ ಒಂದು ಮೂರು ಮಹಡಿಯ ಕಟ್ಟಡದಲ್ಲಿ. ಕೆಳಗೆ ಟೈಲ್ಸ್ ಮತ್ತು ವಾಷ್‌ಬೇಸಿನ್‌ಗಳ ಶೋರೂಮು. ಎರಡನೇ ಮಹಡಿಯಲ್ಲಿ ನಾವು, ನಮ್ಮ ತಲೆಯ ಮೇಲೆ ಉಡುಪಿ ಕಡೆಯ ಸರೋಜಕ್ಕ ಮತ್ತು ಅವರ ಗಂಡ. ಮಲಗುವ ಕೋಣೆಯ ಕಿಟಕಿ ತೆರೆದರೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ ಮುಖಕ್ಕೇ ಬಂದು ನಿಂತಂತೆ ಇರುತ್ತಿತ್ತು. ಅಕ್ಕಿಯ ಚೀಲ, ಸೂಟ್‌ಕೇಸು ಇಡುವುದಕ್ಕೆಂದು ಕಟ್ಟಿದ್ದ ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಅಮ್ಮ ಒಂದು ಮೇಜು ಹಾಕಿಕೊಂಡಿದ್ದಳು. ಅದರ ಮೇಲೆ ಅವಳ ಕಾಲೇಜಿನ ಪುಸ್ತಕಗಳು, ಒಂದು ಟೇಪ್‌ರೆಕಾರ್ಡರ್, ರಷ್ಯನ್ ಭಾಷೆ ಕಲಿಸುವ ಕ್ಯಾಸೆಟ್‌ಗಳು. ಅಡುಗೆಮನೆಯ ಡಬ್ಬಗಳ ಮೇಲೆಲ್ಲ ಅವಳು ರಷ್ಯನ್ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದಳು. ಉಪ್ಪಿಗೆ ಸೋಲ್, ಸಕ್ಕರೆಗೆ ಸಾಖರ್. ಚಹಾ ಅಲ್ಲಿಯೂ ಚಾಯ್ ಎಂದೇ ಇದ್ದದ್ದು ಕಿಟ್ಟುವಿಗೆ ಬಹಳ ತಮಾಷೆಯಾಗಿತ್ತು. ಅಪ್ಪ ಮಾತ್ರ ಸಾರಿಗೆ ಉಪ್ಪು ಕಡಿಮೆಯಾದಾಗ ಡಬ್ಬ ಹುಡುಕಲಾರದೆ, "ಇದೊಂದು ಗ್ರಹಚಾರ" ಎಂದು ಗೊಣಗುತ್ತಿದ್ದರು.

ಅಮ್ಮ ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಆಮೇಲೆ ಬೆಂಗಳೂರಿನಲ್ಲಿ ಉಪಗ್ರಹದ ಭಾಗಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಂದು ದೊಡ್ಡ ಉಕ್ಕಿನ ಮೇಜು. ಅದರ ಮೇಲೆ ಉಪಗ್ರಹದ ಭಾಗವನ್ನು ಬಿಗಿದು, ರಾಕೆಟ್ಟಿನಲ್ಲಿ ಆಗುವಷ್ಟೇ ಜೋರಾಗಿ ನಡುಗಿಸಿ, ಯಾವ ತಿರುಪು ಸಡಿಲವಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವುದು ಅವಳ ಕೆಲಸ. ಅಪ್ಪ ಮಸ್ಕತ್ತಿನಲ್ಲಿ ಏರ್‌ಕಂಡಿಷನರ್ ಕಂಪನಿಯೊಂದರ ಸರ್ವಿಸ್ ಮ್ಯಾನೇಜರ್. ಮದುವೆಯಾಗಿ ನಾನು ಹುಟ್ಟಿದ ಮೇಲೂ ಅಮ್ಮ ಮೂರು ವರ್ಷ ಬೆಂಗಳೂರಿನಲ್ಲೇ ಇದ್ದಳು. ಕೊನೆಗೆ ಎರಡೂ ಮನೆಯ ಹಿರಿಯರು ಸೇರಿ ಸಂಸಾರ ಒಂದು ಕಡೆ ಇರಲಿ ಎಂದರು. ಅವಳು ಕೆಲಸ ಬಿಟ್ಟು, ನನ್ನನ್ನು ಎತ್ತಿಕೊಂಡು ಬಂದಳು. ಅವಳ ವೀಸಾದ ಮೇಲೆ ಇವಳು ಕೆಲಸ ಮಾಡುವಂತಿಲ್ಲ ಎಂದು ಮುದ್ರೆ ಇತ್ತು. ಆ ಪುಟವನ್ನು ಅವಳು ನನಗೆ ಒಂದು ಸಲ ತೋರಿಸಿ, ಅರಬಿಯಲ್ಲಿ ಆ ಸಾಲು ಎಷ್ಟು ಚೆಂದವಾಗಿ ಕಾಣುತ್ತದೆ ನೋಡು ಎಂದಿದ್ದಳು.

ಒಂದು ದಿನ ಬೆಂಗಳೂರಿನ ಅವಳ ಹಳೆಯ ಮೇಲಧಿಕಾರಿ ಪತ್ರಿಕೆಯ ಒಂದು ತುಣುಕನ್ನು ಕತ್ತರಿಸಿ ಕವರಿನಲ್ಲಿ ಕಳಿಸಿದರು. ರಷ್ಯದವರು ತಮ್ಮ ಅಂತರಿಕ್ಷ ನಿಲ್ದಾಣಕ್ಕೆ ಬೇರೆ ದೇಶದ ಒಬ್ಬರನ್ನು ಎಂಟು ದಿನ ಕರೆದೊಯ್ಯುವವರಿದ್ದರು. ಪೈಲಟ್ ಬೇಡ, ಇಂಜಿನಿಯರ್ ಬೇಕು. ಹೆಂಗಸರೂ ಅರ್ಜಿ ಹಾಕಬಹುದು. ಹಲವು ದೇಶಗಳ ಅರ್ಜಿಗಳಿಂದ ಕೊನೆಗೆ ಇಬ್ಬರನ್ನು ಆರಿಸಿ ಮಾಸ್ಕೋ ಹತ್ತಿರ ಹದಿನೆಂಟು ತಿಂಗಳ ತರಬೇತಿ ಕೊಟ್ಟು, ಆ ಇಬ್ಬರಲ್ಲಿ ಒಬ್ಬರನ್ನು ಮೇಲೆ ಕಳಿಸುತ್ತಾರೆ. ಅಮ್ಮನಿಗೆ ಆಗ ಮೂವತ್ತನಾಲ್ಕು. ಅವಳು ಆ ತುಣುಕನ್ನು ಎರಡು ದಿನ ಯಾರಿಗೂ ತೋರಿಸಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

"ರೀ, ನಾನು ಅರ್ಜಿ ಹಾಕ್ತೀನಿ."

"ಹಾಕು ಹಾಕು. ಅರ್ಜಿ ಹಾಕೋದಕ್ಕೇನು!" ಅಪ್ಪ ನಕ್ಕರು.

ಆ ಕುರ್ಚಿ, ಕ್ಯಾಸೆಟ್‌ಗಳು, ಡಬ್ಬದ ಚೀಟಿಗಳು ನಮ್ಮ ಮನೆಗೆ ಬಂದದ್ದು ಆಮೇಲೆ. ಕುರ್ಚಿ ತಂದುಕೊಟ್ಟವರು ಅಪ್ಪನೇ. ಕೆಟ್ಟವರಲ್ಲ ನನ್ನ ಅಪ್ಪ. ಅದು ನಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಇದ್ದರು. ಏಳೆಂಟು ತಿಂಗಳ ಮೇಲೆ, ಜೂನ್ ರಜೆ ಶುರುವಾಗುವ ಹೊತ್ತಿಗೆ, ಅವರ ಆಫೀಸಿನ ಅಂಚೆಪೆಟ್ಟಿಗೆಗೆ ಒಂದು ಪತ್ರ ಬಂತು. ಅಮ್ಮ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದಳು. ಬೆಂಗಳೂರಿನಲ್ಲಿ ಮೂರು ವಾರ ದೇಹಪರೀಕ್ಷೆ. ಮಾತು ಶುರುವಾದದ್ದು ಆಗ. ನಾನೂ ಕಿಟ್ಟುವೂ ಮಲಗುವ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆವು. ಏರ್‌ಕಂಡಿಷನರಿನ ಸದ್ದು ನಿಂತಾಗಲೆಲ್ಲ ಒಂದೊಂದು ಮಾತು ಬಿಡಿಯಾಗಿ ಕೇಳುತ್ತಿತ್ತು.

"ಎರಡು ಮಕ್ಕಳ ತಾಯಿ ನೀನು ರತ್ನಾ. ಮೇಲೆ ಹೋಗಿ ಏನಾದ್ರೂ ಆದ್ರೆ?"

"ನೀವು ದಿನಾ ಆ ರೋಡಲ್ಲಿ ಘಾಲಾಗೆ ಹೋಗಿ ಬರ್ತೀರಲ್ಲ. ಏನಾದ್ರೂ ಆದ್ರೆ ಅಂತ ನಾನು ಯಾವತ್ತಾದ್ರೂ ತಡೆದಿದ್ದೀನಾ?"

"ನಾನು ಹೋಗೋದು ಮನೆ ನಡೀಲಿ ಅಂತ."

"ನಾನು ಹೋಗೋದು ನನಗೋಸ್ಕರ. ಅದನ್ನ ಬೇರೆ ಥರ ಹೇಳೋಕೆ ನನಗೆ ಬರಲ್ಲ."

ಸರೋಜಕ್ಕ ತಮ್ಮ ಬಾಲ್ಕನಿಯ ಕುಂಡದಿಂದ ಕರಿಬೇವು ಕಿತ್ತು ತರುವ ನೆಪದಲ್ಲಿ ಮರುದಿನವೇ ಇಳಿದು ಬಂದರು.

"ಎಂತ ಮಾರಾಯ್ರೆ, ಊರಿಗೆ ಹೋಗುವ ವಿಮಾನದಲ್ಲೇ ನಿಮಗೆ ಕಿವಿ ನೋವಾಗ್ತದೆ ಅಂತ ಹೇಳ್ತಿದ್ರಿ. ಅಲ್ಲಿ ಮೇಲೆ ಹೋಗ್ಲಿಕ್ಕೆ ಆಗ್ತದಾ?"

"ಅದನ್ನೇ ನೋಡೋಕೆ ಕರೀತಿದ್ದಾರೆ ಸರೋಜಕ್ಕ."

"ಹಾಗಾದ್ರೆ ಹೋಗಿ ಬನ್ನಿ. ಮಕ್ಕಳನ್ನು ನಾನು ನೋಡ್ತೇನೆ. ಎಂತ ಹೆದರಬೇಡಿ."

ಅಪ್ಪನ ಕೊನೆಯ ಆಸೆ ಕಫೀಲ್, ಅಂದರೆ ನಮಗೆಲ್ಲ ವೀಸಾ ಕೊಡಿಸಿದ್ದ ಕಂಪನಿಯ ಮಾಲೀಕರ ಮೇಲಿತ್ತು. ನಮ್ಮ ನಾಲ್ಕೂ ಪಾಸ್‌ಪೋರ್ಟ್‌ಗಳು ಕಂಪನಿಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಮಾಲೀಕರು ಒಪ್ಪದೆ ಅವು ಹೊರಗೆ ಬರುತ್ತಿರಲಿಲ್ಲ. ಅಪ್ಪ ನಾಲ್ಕು ದಿನ ಕೇಳದೆ ತಳ್ಳಿದರು. ಐದನೆಯ ದಿನ ಅಮ್ಮ ನನ್ನನ್ನೂ ಕಿಟ್ಟುವನ್ನೂ ಕರೆದುಕೊಂಡು ಟ್ಯಾಕ್ಸಿ ಹಿಡಿದು ತಾನೇ ಘಾಲಾಕ್ಕೆ ಹೋದಳು. ಗ್ಯಾರೇಜುಗಳ ಸಾಲಿನ ಹಿಂದೆ ಅಪ್ಪನ ಆಫೀಸು. ಒಳಗೆ ಬಿಳಿಯ ದಿಶ್‌ದಾಶಾ ನಿಲುವಂಗಿ ತೊಟ್ಟ ಮುದುಕರೊಬ್ಬರು ಕೂತಿದ್ದರು. ಅವರೇ ಕಫೀಲ್. ಬೊಂಬಾಯಿಯಲ್ಲಿ ವ್ಯಾಪಾರ ಮಾಡಿ ಹಿಂದಿ ಕಲಿತಿದ್ದವರು. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿ, ಬೆರಳನ್ನು ಛಾವಣಿಯ ಕಡೆ ತೋರಿಸಿದರು.

"ಭಾಭಿ, ತುಮ್ ಊಪರ್ ಜಾತಾ?"

"ಹಾಂ. ಇರಾದಾ ಹೈ."

"ಮಾಶಾಲ್ಲಾ. ಮೇರಾ ಬಾಪ್ ತಾರಾ ದೇಖ್‌ಕೇ ಜಹಾಜ್ ಚಲಾತಾ ಥಾ." ತಮ್ಮ ತಂದೆ ನಕ್ಷತ್ರ ನೋಡಿಕೊಂಡು ಹಡಗು ನಡೆಸುತ್ತಿದ್ದುದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. ಪೆಟ್ಟಿಗೆ ತೆಗೆಸಿ ಪಾಸ್‌ಪೋರ್ಟನ್ನು ಅಮ್ಮನ ಕೈಗೆ ಕೊಟ್ಟು, ನನಗೂ ಕಿಟ್ಟುವಿಗೂ ಒಂದೊಂದು ಮುಷ್ಟಿ ಖರ್ಜೂರ ಕೊಟ್ಟು, "ಖಲಾಸ್. ಯಲ್ಲಾ, ಜಾವ್" ಎಂದರು. ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಅಪ್ಪ ನಗುವುದಕ್ಕೆ ಪ್ರಯತ್ನಿಸಿದರು.

ಅಮ್ಮ ಹೊರಟ ಮೇಲಿನ ಮೊದಲ ವಾರ ನನಗೆ ಹಬ್ಬದಂತೆ ಇತ್ತು. ಅಪ್ಪ ಕೆಲಸಕ್ಕೆ ಹೋದ ಮೇಲೆ ಮನೆಗೆ ನಾನೇ ಯಜಮಾನಿ. ಕಿಟ್ಟುವಿಗೆ ಹಾಲು ಕೊಡುವುದು, ಸ್ನಾನ ಮಾಡಿಸುವುದು, ಮಧ್ಯಾಹ್ನ ಸರೋಜಕ್ಕ ಮೇಲಿನಿಂದ ತಂದ ಅನ್ನ ಸಾರನ್ನು ಬಡಿಸುವುದು. ಆ ಊರಿನ ಬೇಸಿಗೆಯಲ್ಲಿ ಸ್ನಾನಕ್ಕೆ ಒಂದು ಉಪಾಯವಿತ್ತು. ಮೇಲ್ಛಾವಣಿಯ ಟ್ಯಾಂಕು ದಿನವಿಡೀ ಕಾದು, ತಣ್ಣೀರಿನ ನಲ್ಲಿಯಲ್ಲೇ ಕೈ ಇಡಲಾಗದಂಥ ನೀರು ಬರುತ್ತಿತ್ತು. ಅದಕ್ಕೇ ಏಪ್ರಿಲ್ ಬಂದರೆ ಎಲ್ಲ ಮನೆಗಳಲ್ಲೂ ಗೀಸರ್ ಆರಿಸಿಬಿಡುತ್ತಿದ್ದರು. ಮನೆಯೊಳಗಿನ ತಂಪಿನಲ್ಲಿ ಗೀಸರಿನ ನೀರು ಆರಿ, ಬಿಸಿನೀರಿನ ಕೆಂಪು ನಲ್ಲಿಯಲ್ಲಿ ತಣ್ಣೀರು ಬರುತ್ತಿತ್ತು. ಬೇಸಿಗೆಯಲ್ಲಿ ಕೆಂಪು ನಲ್ಲಿಯನ್ನೇ ತಿರುಗಿಸಬೇಕು ಎಂದು ಅಮ್ಮ ನನಗೆ ಕಲಿಸಿದ್ದಳು. ಬಚ್ಚಲ ಹೊರಗೆ ಗೀಸರಿನ ಸ್ವಿಚ್ಚು, ಫ್ಯಾನಿನ ಸ್ವಿಚ್ಚು ಅಕ್ಕಪಕ್ಕದಲ್ಲಿದ್ದವು. ತಪ್ಪಾಗದಿರಲೆಂದು ಅಮ್ಮ ಪ್ರತಿವರ್ಷ ಗೀಸರಿನ ಸ್ವಿಚ್ಚಿಗೆ ಅಂಟುಪಟ್ಟಿ ಸುತ್ತುತ್ತಿದ್ದಳು. ಆ ವರ್ಷ ಅರ್ಜಿಯ ಓಡಾಟದಲ್ಲಿ ಮರೆತಿದ್ದಳು.

ಎರಡನೇ ವಾರದ ಒಂದು ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಫ್ಯಾನ್ ಹಾಕಲು ಹೋಗಿ ಗೀಸರ್ ಹಾಕಿ ಆಫೀಸಿಗೆ ಹೋದರು. ಹನ್ನೊಂದು ಗಂಟೆಗೆ ನಾನು ಕಿಟ್ಟುವನ್ನು ಷವರಿನ ಕೆಳಗೆ ನಿಲ್ಲಿಸಿ, ಮೈಗೆಲ್ಲ ಸೋಪು ಹಚ್ಚಿ, ಕಣ್ಣು ಮುಚ್ಚಿಕೋ ಎಂದು ಹೇಳಿ ಕೆಂಪು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಮೊದಲು ಕೊಳವೆಯಲ್ಲಿದ್ದ ತಣ್ಣೀರು ಬಂತು. ಅವನು ನಗುತ್ತಿದ್ದ. ಆಮೇಲೆ ಕುದಿಯುವ ನೀರು ಬಂತು. ಸೋಪಿನ ನೆಲದಲ್ಲಿ ಕಾಲು ಜಾರಿ ಅವನು ಅಲ್ಲೇ ಬಿದ್ದ. ನನಗೆ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ನಿಲ್ಲುತ್ತದೆ ಎನ್ನುವುದೇ ಮರೆತುಹೋಯಿತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅವನ ಕಿರುಚಾಟಕ್ಕೆ ಸರೋಜಕ್ಕ ಬರಿಗಾಲಲ್ಲಿ ಓಡಿ ಬಂದು ಬಾಗಿಲು ಬಡಿದಾಗ ಅವನ ಎಡ ಭುಜ, ಬೆನ್ನು ಕೆಂಪಾಗಿ ಊದಿಕೊಂಡಿದ್ದವು. ಆಸ್ಪತ್ರೆಯಲ್ಲಿ ಮಲಯಾಳಿ ನರ್ಸ್ ಒಬ್ಬರು ಮುಲಾಮು ಹಚ್ಚಿ ಬಟ್ಟೆ ಸುತ್ತುವವರೆಗೂ ಅವನು ನನ್ನ ಬೆರಳನ್ನು ಬಿಡಲಿಲ್ಲ. ಸುಟ್ಟವಳ ಬೆರಳನ್ನೇ ಹಿಡಿದಿದ್ದ.

ಅಪ್ಪ ಓಡಿ ಬಂದರು. ಕಿಟ್ಟುವನ್ನು ಮನೆಗೆ ತಂದು ಮಲಗಿಸಿದ ಮೇಲೆ ಬಚ್ಚಲಿಗೆ ಹೋದರು. ಸ್ವಿಚ್ಚಿನ ಮುಂದೆ ನಿಂತರು. ನಾನು ನೋಡುತ್ತಿದ್ದೆ. ಅವರು ಬೆರಳಿನಿಂದ ಅದನ್ನು ಮೆಲ್ಲಗೆ ಆರಿಸಿ, ತಿರುಗಿ ನನ್ನನ್ನು ಕಂಡರು. ಏನೋ ಹೇಳುತ್ತಾರೆಂದು ಕಾದೆ. ಅಷ್ಟರಲ್ಲಿ ಸರೋಜಕ್ಕ ಒಳಗೆ ಬಂದು, ಹೇಗಾಯಿತು ಎಂದು ಕೇಳಿದರು.

"ಪುಟ್ಟಿ ತಪ್ಪು ನಲ್ಲಿ ತಿರುಗಿಸಿಬಿಟ್ಟಿದ್ದಾಳೆ, ಪಾಪ" ಎಂದರು ಅಪ್ಪ.

ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಅಷ್ಟು ಸುಲಭವಾಗಿ ಬಂದದ್ದನ್ನು ನೆನೆದರೆ ಈಗಲೂ ನನಗೆ ಆಶ್ಚರ್ಯವಾಗುತ್ತದೆ. ಆ ಶುಕ್ರವಾರ ಅಮ್ಮ ಬೆಂಗಳೂರಿನಿಂದ ಫೋನು ಮಾಡುವ ಮೊದಲು ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಅಮ್ಮಂಗೆ ಇನ್ನೂ ಒಂದು ವಾರ ಪರೀಕ್ಷೆ ಇದೆ. ಈಗ ಹೇಳಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ. ಹೇಳೋದು ಬೇಡ. ಆಯ್ತಾ?"

ಇದನ್ನೂ ನಾನು ಬಹಳ ಸಲ ಯೋಚಿಸಿದ್ದೇನೆ. ಹೇಳಿದ್ದರೆ ಅವಳು ಬಂದೇ ಬಿಡುತ್ತಿದ್ದಳು, ಅಪ್ಪನಿಗೆ ಬೇಕಾದದ್ದು ಅದೇ ಆಗಿತ್ತು. ಆದರೂ ಅವರು ಹೇಳಲಿಲ್ಲ. ಅಮ್ಮನ ಮೇಲಿನ ಪ್ರೀತಿಯೋ, ಸ್ವಿಚ್ಚು ಹಾಕಿದವರು ತಾವೆಂದು ಬಯಲಾಗುವ ಭಯವೋ, ಎರಡೂ ಇತ್ತೋ. ಫೋನಿನಲ್ಲಿ ಅಮ್ಮನ ದನಿ ಹಿಂದೆಂದೂ ಕೇಳದಷ್ಟು ಚುರುಕಾಗಿತ್ತು. ಕತ್ತಲ ಕೋಣೆಯಲ್ಲಿ ಒಂದು ದಿನ ಕೂರಿಸಿದ್ದರಂತೆ, ಹೃದಯಕ್ಕೆ ತಂತಿ ಅಂಟಿಸಿ ಓಡಿಸಿದ್ದರಂತೆ, ಅವಳ ನಾಡಿ ನೋಡಿ ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರಂತೆ.

"ಕಿಟ್ಟು ಹೇಗಿದ್ದಾನೆ ಪುಟ್ಟಿ?"

"ಫೈನ್ ಅಮ್ಮಾ. ಸ್ಲೀಪಿಂಗ್."

ಅಮ್ಮ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗಿ ಬಂದಳು. ಸೀಬ್ ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲಿನಿಂದ ಹೊರಬಂದು ಎರಡೂ ಕೈ ಚಾಚಿ ಕಿಟ್ಟುವನ್ನು ಎತ್ತಿಕೊಂಡಾಗ ಅವನು ನೋವಿಗೆ ಕೂಗಿದ. ಅಂಗಿಯ ಕಾಲರಿನ ಒಳಗೆ ಬಟ್ಟೆ ಸುತ್ತಿದ್ದು ಅವಳಿಗೆ ಆಗ ಕಂಡಿತು. ಕಾರಿನಲ್ಲಿ ಅಪ್ಪ, ಬಚ್ಚಲಲ್ಲಿ ಬಿಸಿನೀರು ಬಿತ್ತು ಎಂದಷ್ಟೇ ಹೇಳಿದರು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಬಚ್ಚಲಿಗೆ ಹೋದಳು. ಎರಡು ಸ್ವಿಚ್ಚನ್ನೂ ನೋಡಿದಳು, ಅಂಟುಪಟ್ಟಿ ಇರಬೇಕಾದ ಜಾಗವನ್ನು ಬೆರಳಿನಿಂದ ಮುಟ್ಟಿದಳು, ಎರಡು ನಲ್ಲಿಯನ್ನೂ ತಿರುಗಿಸಿ ನೀರಿಗೆ ಕೈ ಒಡ್ಡಿ ನಿಂತಳು. ಯಾವುದು ಎಲ್ಲಿ ಸಡಿಲವಾಯಿತು ಎಂದು ಕಂಡುಹಿಡಿಯುವುದೇ ಅವಳ ಕಸುಬಾಗಿತ್ತಲ್ಲ. ಆಮೇಲೆ ನನ್ನನ್ನು ಕರೆದಳು.

"ನೀನು ಯಾವ ನಲ್ಲಿ ತಿರುಗಿಸಿದ್ದೆ?"

"ಕೆಂಪು."

"ಸರಿಯಾದದ್ದನ್ನೇ ತಿರುಗಿಸಿದ್ದೀಯ."

ಇಷ್ಟೇ. ಹೊರಗೆ ಅಪ್ಪ ಸೂಟ್‌ಕೇಸು ಹಿಡಿದುಕೊಂಡು ನಿಂತಿದ್ದರು. ಅವರಿಗೂ ಕೇಳಿಸಿತು. ಅಮ್ಮ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬಂದುಬಿಡ್ತಿದ್ದೆ ರತ್ನಾ."

ಅವಳು ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ತನ್ನ ಪ್ರಯಾಣದ ಸೀರೆಯನ್ನು ನೆನೆಸಿ ಅದನ್ನೇ ನೋಡುತ್ತ ಕೂತಳು.

ಕೊನೆಯ ಪತ್ರ ಅಕ್ಟೋಬರಿನಲ್ಲಿ ಬಂತು. ಆರಿಸಿದ ಇಬ್ಬರಲ್ಲಿ ಅಮ್ಮನದು ಮೊದಲ ಹೆಸರು. ಅಪ್ಪ ಮಧ್ಯಾಹ್ನವೇ ಕಾರು ಓಡಿಸಿಕೊಂಡು ಪತ್ರವನ್ನು ಮನೆಗೆ ತಂದುಕೊಟ್ಟರು. ಸರೋಜಕ್ಕ ಶ್ಯಾವಿಗೆ ಪಾಯಸ ಮಾಡಿ ತಂದರು. ಕಫೀಲ್ ಒಂದು ದೊಡ್ಡ ಡಬ್ಬದ ತುಂಬ ಹಲ್ವಾ ಕಳಿಸಿದ್ದರು. ಕಿಟ್ಟುವಿನ ಭುಜದ ಗಾಯ ಆ ಹೊತ್ತಿಗೆ ಮಾಗಿತ್ತು, ಚರ್ಮ ಮಾತ್ರ ಸುಕ್ಕು ಕಾಗದದಂತೆ ಆಗಿತ್ತು. ಅಮ್ಮ ದಿನವೂ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತ, ರಷ್ಯನ್ ಭಾಷೆಯ ಅಂಕಿಗಳನ್ನು ಅವನಿಗೆ ಕಲಿಸುತ್ತಿದ್ದಳು. ಜನವರಿಯಲ್ಲಿ ತರಬೇತಿ ಶುರು. ಮಕ್ಕಳನ್ನು ಕರೆದೊಯ್ಯುವಂತಿಲ್ಲ. ನಡುವೆ ಒಂದು ಸಲ ಹದಿನೈದು ದಿನ ರಜೆ. ಎರಡು ವಾರದೊಳಗೆ ಉತ್ತರ ಬರೆಯಬೇಕಿತ್ತು. ಹತ್ತು ದಿನ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಹನ್ನೊಂದನೆಯ ದಿನ ಸಂಜೆ ಅಮ್ಮ ಬೇಗ ಅಡುಗೆ ಮಾಡಿದ್ದಳು. ಹುರುಳಿಕಾಯಿ ಪಲ್ಯ, ತೊಗರಿಬೇಳೆ ಹುಳಿ. ಎಲ್ಲರಿಗೂ ಬಡಿಸಿ, ತನ್ನ ತಟ್ಟೆಗೂ ಹಾಕಿಕೊಂಡು, ನನ್ನ ಎದುರಿಗೆ ಕೂತಳು.

"ಪುಟ್ಟಿ, ನಾನು ಹೋದ್ರೆ ಹದಿನೆಂಟು ತಿಂಗಳು. ನೀನು ಹೇಳು. ಹೋಗಲಾ?"

"ಮಗೂನ ಯಾಕೆ ಕೇಳ್ತೀಯ ರತ್ನಾ?" ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. "ಬೇಡ. ಅವಳನ್ನ ಕೇಳೋದು ಬೇಡ. ನಾನೇ ಹೋಗು ಅಂತ ಹೇಳ್ತಿದ್ದೀನಿ. ಹೇಗೋ ನಡೆಯತ್ತೆ."

"ಹೇಗೋ ನಡೆಸೋಳು ಅವಳು. ಅದಕ್ಕೆ ಅವಳನ್ನೇ ಕೇಳ್ತಿದ್ದೀನಿ."

ಅವಳು ನನ್ನನ್ನು ದೊಡ್ಡವಳೆಂದು ತಿಳಿದು ಕೇಳಿದಳು. ಯಾರೂ ನನ್ನನ್ನು ಅಷ್ಟು ಗೌರವದಿಂದ ಅದುವರೆಗೆ ಏನನ್ನೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅವಳ ಮುಖದಲ್ಲಿ ಬೇಡಿಕೆ ಇರಲಿಲ್ಲ. ಇದ್ದಿದ್ದರೆ ಬಹುಶಃ ನಾನು ಹೂಂ ಎನ್ನುತ್ತಿದ್ದೆ. ನನ್ನ ಕಣ್ಣಿಗೆ ಕಂಡದ್ದು ಹದಿನೆಂಟು ತಿಂಗಳ ಬೆಳಿಗ್ಗೆಗಳು. ಒಂದೊಂದು ಬೆಳಿಗ್ಗೆಯೂ ಸ್ವಿಚ್ಚು ನೋಡಬೇಕು, ಗ್ಯಾಸ್ ನೋಡಬೇಕು, ಬಾಗಿಲು ನೋಡಬೇಕು, ಅಪ್ಪ ಏನನ್ನು ಹಾಕಿ ಹೋದರು ಏನನ್ನು ಆರಿಸಿ ಹೋದರು ಎಂದು ನೋಡಬೇಕು, ಮತ್ತು ಏನಾದರೂ ಆದರೆ ಅದು ನಾನು ಮಾಡಿದ್ದಾಗುತ್ತದೆ. ಇದನ್ನು ಹೇಳಲು ಹತ್ತು ವರ್ಷದವಳ ಬಾಯಲ್ಲಿ ಮಾತು ಇರಲಿಲ್ಲ. ಇದ್ದದ್ದು ಒಂದೇ ಮಾತು.

"ಬೇಡ."

"ಸರಿ" ಎಂದಳು ಅಮ್ಮ.

ಆಮೇಲೆ ನನ್ನ ತಟ್ಟೆ ನೋಡಿ, ಅನ್ನ ಆರಿಹೋಯಿತು ಎಂದು ಎದ್ದು ಬಿಸಿ ಅನ್ನ ತಂದು ಬಡಿಸಿದಳು, ಮಜ್ಜಿಗೆ ಹಾಕಿದಳು. ನಾನು ಪೂರ್ತಿ ಉಂಡೆ. ಮಾರನೆಯ ದಿನ ಅವಳು ಉತ್ತರ ಬರೆದು ಅಪ್ಪನ ಕೈಯಲ್ಲಿ ಅಂಚೆಗೆ ಕೊಟ್ಟಳು. ಅಪ್ಪ ಅದನ್ನು ಮೂರು ದಿನ ಬ್ರೀಫ್‌ಕೇಸಿನಲ್ಲೇ ಇಟ್ಟುಕೊಂಡು, ಮೂರು ಸಂಜೆಯೂ ಹಾಕಿಬಿಡಲಾ ಎಂದು ಕೇಳಿದರು. ಮೂರು ಸಂಜೆಯೂ ಅವಳು ಹೂಂ ಎಂದಳು. ಸರೋಜಕ್ಕನಿಗೆ, "ಆಗಲಿಲ್ಲ ಸರೋಜಕ್ಕ" ಎಂದಷ್ಟೇ ಹೇಳಿದಳು. ಡಬ್ಬಗಳ ಚೀಟಿಗಳನ್ನು ನೀರು ಹಚ್ಚಿ ಉಜ್ಜಿ ತೆಗೆದಳು. ಕ್ಯಾಸೆಟ್‌ಗಳ ಮೇಲೆ ಅಪ್ಪ ಭಜನೆ ರೆಕಾರ್ಡ್ ಮಾಡಿಕೊಂಡರು. ಅಮ್ಮ ನನ್ನನ್ನು ಬೈದಿದ್ದರೆ, ಒಂದು ದಿನವಾದರೂ ಬಾಗಿಲು ಹಾಕಿಕೊಂಡು ಅತ್ತಿದ್ದರೆ, ನಾನು ಬೇರೆ ಮನುಷ್ಯಳಾಗುತ್ತಿದ್ದೆನೋ ಏನೋ. ಅವಳು ಮೊದಲಿಗಿಂತ ಮೃದುವಾದಳು. ನನ್ನ ಜಡೆ ಹೆಣೆಯುವಾಗ ಕೂದಲು ಎಳೆಯದಂತೆ ಬಾಚುತ್ತಿದ್ದಳು. ಮಾತಿನ ನಡುವೆ ಎಲ್ಲೋ ನಿಂತುಬಿಡುತ್ತಿದ್ದಳು, ಕರೆದರೆ ಏನು ಎಂದು ಕೇಳುತ್ತಿದ್ದಳು. ಬೇಡ ಎಂಬ ಮಾತು ಅವತ್ತಿಗೆ ನನ್ನ ಬಾಯಿಂದ ಹೋಯಿತು. ಓದು, ಮದುವೆ, ಊರು, ನೌಕರಿ, ಯಾರು ಏನು ಎಂದರೂ ನಾನು ಹೂಂ ಎಂದೇ ಐವತ್ತರ ಹತ್ತಿರ ಬಂದಿದ್ದೇನೆ.

ಎರಡು ವರ್ಷದ ಮೇಲೆ ಒಂದು ಸಂಜೆ ಟಿವಿಯ ಇಂಗ್ಲಿಷ್ ವಾರ್ತೆಯಲ್ಲಿ ಆ ರಾಕೆಟ್ಟು ಹಾರುವುದನ್ನು ತೋರಿಸಿದರು. ಅಮ್ಮನ ಜಾಗಕ್ಕೆ ಬೇರೊಂದು ದೇಶದ ಇಂಜಿನಿಯರನ್ನು ತೆಗೆದುಕೊಂಡಿದ್ದರು. ಕನ್ನಡಕದ, ಸಣ್ಣಗಿನ ಮನುಷ್ಯ. ಯಾವುದೋ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು, ಈಗ ಗಗನಯಾತ್ರಿ. ಹಸಿರು ಪಟ್ಟಿಯ ಬಿಳಿ ಉಡುಪಿನಲ್ಲಿ ಕೈ ಬೀಸುತ್ತ ಏಣಿ ಹತ್ತಿದ. ಸರೋಜಕ್ಕನೂ ನೋಡಲು ಬಂದಿದ್ದರು. ಅಪ್ಪ ಪೇಪರ್ ಹಿಡಿದುಕೊಂಡಿದ್ದರು, ಪುಟ ತಿರುಗಿಸುತ್ತಿರಲಿಲ್ಲ. ಅಮ್ಮ ಕಿಟ್ಟುವನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸುತ್ತಿದ್ದಳು.

"ಈಗ ಅವನಿಗೆ ಎದೆ ಮೇಲೆ ಮೂರು ಜನ ಕೂತ ಹಾಗೆ ಇರತ್ತೆ. ಉಸಿರು ಹೊಟ್ಟೆಯಿಂದ ಎಳೀಬೇಕು. ಇನ್ನು ಸ್ವಲ್ಪ ಹೊತ್ತಿಗೆ ಎಂಜಿನ್ ನಿಲ್ಲತ್ತೆ. ಆಗ ಏನೂ ಭಾರ ಇರಲ್ಲ ಕಣೋ. ಕೈ ತಾನೇ ಮೇಲೆ ಏಳತ್ತೆ."

"ಅಮ್ಮಾ, ನೀನ್ಯಾಕೆ ಹೋಗ್ಲಿಲ್ಲ?"

ಕಿಟ್ಟುವಿಗೆ ಆಗ ಏಳು ವರ್ಷ. ಹುಳಿಯ ಊಟದ ಸಂಜೆ ಅವನಿಗೆ ನೆನಪಿರಲಿಲ್ಲ. ಅಪ್ಪನ ಪೇಪರ್ ಅಲುಗಾಡಲಿಲ್ಲ. ನಾನು ನೆಲದ ಮೇಲೆ ಕೂತಿದ್ದವಳು ಕಾಲಿನ ಉಗುರು ನೋಡುತ್ತ, ಅವಳು ಹೇಳಲಿ, ಈಗಲೇ ಹೇಳಿಬಿಡಲಿ ಎಂದು ಕಾದೆ.

"ನನ್ನ ಹಾರ್ಟಲ್ಲಿ ಏನೋ ಸಣ್ಣ ದೋಷ ಇದೆಯಂತೆ ಕಂದಾ" ಎಂದಳು ಅಮ್ಮ. "ಪರೀಕ್ಷೆ ಕಾಗದ ಮತ್ತೆ ನೋಡಿದಾಗ ಗೊತ್ತಾಯ್ತಂತೆ. ಫೇಲಾದೆ."

"ಅಯ್ಯೋ ದೇವರೇ!" ಸರೋಜಕ್ಕ ಎದೆಗೆ ಕೈ ಇಟ್ಟುಕೊಂಡರು. "ಇಷ್ಟು ದಿನ ಒಂದು ಮಾತು ಹೇಳ್ಲಿಲ್ಲವಲ್ಲ ಮಾರಾಯ್ರೆ ನೀವು! ಹಾರ್ಟಿನದ್ದು ಅಂದ್ರೆ ಹುಡುಗಾಟವಾ?"

ಅಪ್ಪ ಪೇಪರ್ ಇಳಿಸಿ ಅಮ್ಮನನ್ನು ನೋಡಿದರು. ಅಮ್ಮ ಟಿವಿ ನೋಡುತ್ತಿದ್ದಳು. ಅವರು ಮತ್ತೆ ಪೇಪರ್ ಎತ್ತಿಕೊಂಡರು. ನಮ್ಮ ಮನೆಯಲ್ಲಿ ಸುಳ್ಳು ಸ್ಥಿರವಾಗುತ್ತಿದ್ದದ್ದೇ ಹೀಗೆ; ಯಾರೂ ಒಪ್ಪುತ್ತಿರಲಿಲ್ಲ, ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಕಿಟ್ಟು ಅದನ್ನೇ ನಂಬಿ ಬೆಳೆದ. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಬಂದವರಿಗೆಲ್ಲ, ಒಂದು ಸಣ್ಣ ದೋಷ ಇಲ್ಲದಿದ್ದರೆ ನಮ್ಮಮ್ಮ ಗಗನಯಾತ್ರಿ ಆಗುತ್ತಿದ್ದಳು ಎಂದು ಅವನು ಹೇಳುತ್ತಿದ್ದ. ನಾನು ಬಂದವರಿಗೆ ಕಾಫಿ ಕೊಡುತ್ತಿದ್ದೆ. ಇದನ್ನು ಓದಿದರೆ ಅವನಿಗೆ ಮೊದಲ ಸಲ ಗೊತ್ತಾಗುತ್ತದೆ.

ಆ ವಾರ್ತೆಯ ಮರುದಿನ ನಾನೂ ಅಮ್ಮನೂ ರೂವಿಯ ಪೇಟೆಯಿಂದ ತರಕಾರಿ ತಂದೆವು. ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಅಮ್ಮ ಮೆಟ್ಟಿಲ ಬುಡಕ್ಕೆ ಬಂದಾಗ ಸರೋಜಕ್ಕ ಮೇಲಿನಿಂದ ಕಂಡು ದಡದಡ ಇಳಿದು ಬಂದರು. ಭಾರ ಎತ್ತಬೇಡಿ, ನಿಮಗೆ ಆಗ್ಲಿಕ್ಕಿಲ್ಲ ಎಂದು ಎರಡೂ ಚೀಲಗಳಿಗೆ ಕೈ ಹಾಕಿದರು. ಅಮ್ಮ ಒಂದು ಗಳಿಗೆ ಬಿಡಲಿಲ್ಲ. ಆಮೇಲೆ ಬಿಟ್ಟಳು. ಮುಂದೆ ಸರೋಜಕ್ಕ, ನಡುವೆ ಅವಳು, ಹಿಂದೆ ನಾನು ಹತ್ತಿದೆವು. ಮೊದಲ ಮಹಡಿಯ ತಿರುವಿನಲ್ಲಿ ಸರೋಜಕ್ಕ ನಿಂತು ಅವಳ ಮುಖ ನೋಡಿದರು. ಅಮ್ಮನೂ ನಿಂತಳು. ಕಂಬಿ ಹಿಡಿದು, ಬಾಯಿ ತೆರೆದು ಒಂದೆರಡು ಸಲ ಉಸಿರೆಳೆದುಕೊಂಡಳು.

"ಸುಸ್ತಾಯ್ತಾ?"

"ಸ್ವಲ್ಪ" ಎಂದಳು ಅಮ್ಮ.

ಅವಳ ಕುತ್ತಿಗೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ನಾನು ಎರಡು ಮೆಟ್ಟಿಲು ಕೆಳಗೆ, ಅವಳ ಬೆನ್ನಿಗೇ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ. ಸರೋಜಕ್ಕನಿಗೆ ಸಮಾಧಾನವಾಗುವಷ್ಟು ಹೊತ್ತು ಅಲ್ಲಿ ನಿಂತು, ಆಮೇಲೆ ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು.